ಯಾಕೋಬ ಮಿಸ್ತ್ರಿಗೆ ಬರುತ್ತಿದ್ದ ಒಂದೇ ಧಾಟಿ

ಬೀದರದ ಚಿದ್ರಿಯಲ್ಲಿ ಯಾಕೋಬನ ಅಂಗಡಿಯ ಬೋರ್ಡಿನ ಮೇಲೆ ಮೂರು ಸಾಲುಗಳಿವೆ. ಮೊದಲನೆಯದು, ‘ಹಳೆಯ ಎಲೆಕ್ಟ್ರಾನಿಕ್ ವಾದ್ಯಗಳ ತಜ್ಞರು’. ಎರಡನೆಯದು, ‘ಆರ್ಗನ್, ಕೀಬೋರ್ಡ್, ಶ್ರುತಿಪೆಟ್ಟಿಗೆ’. ಮೂರನೆಯದು, ‘ಬೀದರ, ಭಾಲ್ಕಿ, ಔರಾದ’. ಬರೆದಿರುವುದರಲ್ಲಿ ಸುಳ್ಳಿಲ್ಲ. ನಲವತ್ತು ವರ್ಷದ ಹಳೆಯ ಕೀಬೋರ್ಡು ಮೂಕವಾದರೆ ಈ ಮೂರು ಊರುಗಳಲ್ಲಿ ಅದರ ಹೊಟ್ಟೆ ಬಿಚ್ಚುವ ಧೈರ್ಯ ಇದ್ದದ್ದು ಅವನೊಬ್ಬನಿಗೇ. ವಚನ ಹಾಡುವ ಭಜನಾ ಮಂಡಳಿಗಳ ಶ್ರುತಿಪೆಟ್ಟಿಗೆಗಳು, ಮೆಥೋಡಿಸ್ಟ್ ಚರ್ಚುಗಳ ಆರ್ಗನ್ನುಗಳು, ಬಾಗಿಲು ಹಾಕಿದ ಆರ್ಕೆಸ್ಟ್ರಾ ಪಾರ್ಟಿಗಳ ಕೀಬೋರ್ಡುಗಳು, ಎಲ್ಲವೂ ಅವನ ಮೇಜಿನ ಮೇಲೆ ಅಂಗಾತ ಮಲಗಿ ಎದ್ದು ಹೋಗಿವೆ. ಇಷ್ಟಾದರೂ ಊರು ಅವನನ್ನು ತಜ್ಞ ಎನ್ನಲಿಲ್ಲ. ಮಿಸ್ತ್ರಿ ಎಂದಿತು. ಅದು ಅವನ ನೋವು.

ಅವನ ಭಯ ಬೇರೆ. ಬೋರ್ಡಿನ ಮೇಲೆ ಬರೆಯದೆ ಬಿಟ್ಟ ಸಂಗತಿ ಒಂದಿತ್ತು. ಯಾಕೋಬನಿಗೆ ವಾದ್ಯ ಬಾರಿಸಲು ಬರುತ್ತಿರಲಿಲ್ಲ.

ಪೂರ್ತಿ ಬರುತ್ತಿರಲಿಲ್ಲ ಎಂದರೆ ತಪ್ಪಾದೀತು. ಒಂದು ಧಾಟಿ ಬರುತ್ತಿತ್ತು. ಅವನ ತಂದೆ ಚರ್ಚಿನವರ ಮಣ್ಣಿಗೆ ಹಾರ್ಮೋನಿಯಂ ಹೊತ್ತುಕೊಂಡು ಹೋಗುತ್ತಿದ್ದವರು. ಶವದ ಪೆಟ್ಟಿಗೆಯನ್ನು ಹೆಗಲಿಗೆ ಏರಿಸುವಾಗ ಹಾಡುವ ಹಾಡೊಂದನ್ನು ಮಗನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಕಲಿಸಿದರು. ಎರಡನೆಯ ಹಾಡು ಕಲಿಸುವ ಮೊದಲೇ ಅವರ ಪೆಟ್ಟಿಗೆ ಏರಿತು. ಬಲಗೈ ಒಂದರಲ್ಲೇ ಬಾರಿಸುವ ಧಾಟಿ, ನಾಲ್ಕು ಸಾಲು, ನಲವತ್ತೊಂದು ಸೆಕೆಂಡು. ಕೆಳಗಿನ ಕೀಲಿಯಿಂದ ನಿಧಾನವಾಗಿ ಮೇಲೇರಿ, ದಾರಿಯಲ್ಲಿ ಎಲ್ಲ ಕೀಲಿಗಳನ್ನೂ ಮುಟ್ಟಿ, ಮತ್ತೆ ಕೆಳಗಿಳಿಯುತ್ತದೆ. ರಿಪೇರಿಯಾದ ವಾದ್ಯವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯದು ಸಿಗಲಾರದು. ಮೂವತ್ತು ವರ್ಷ ಅವನು ಕೀಲಿಯಿರುವ ಪ್ರತಿಯೊಂದು ವಾದ್ಯವನ್ನೂ ಇದರಿಂದಲೇ ಪರೀಕ್ಷಿಸಿದ್ದ. ಭಜನಾ ಮಂಡಳಿಯ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೇಳಿ, “ಮನಸು ಹಗೂರಾತು ನೋಡ್ರಿ” ಎಂದಿದ್ದರು. ಚರ್ಚಿನವರ ವಾದ್ಯ ಬಂದಾಗ ಮಾತ್ರ ಯಾಕೋಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹೊರಗೆ ಸದ್ದು ಬಾರದಂತೆ ಬಾರಿಸುತ್ತಿದ್ದ.

ಇತ್ತೀಚೆಗೆ ಎರಡು ಘಟನೆಗಳು ನಡೆದಿದ್ದವು. ಔರಾದದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಕೀಬೋರ್ಡು ಪರೀಕ್ಷಿಸಿ ಕೊಟ್ಟ ಹನ್ನೆರಡನೆಯ ದಿನ ಅವರು ತೀರಿಕೊಂಡರು. ಸಾಯಗಾಂವದ ಭಜನಾ ಮಂಡಳಿಯ ಯಜಮಾನರು ಕೀಬೋರ್ಡು ಒಯ್ದ ಒಂಬತ್ತನೆಯ ದಿನ ತೀರಿಕೊಂಡರು. ಮೊದಲಿನವರಿಗೆ ತೊಂಬತ್ತೊಂದು ವರ್ಷ, ಎರಡನೆಯವರಿಗೆ ಎಂಬತ್ತೆಂಟು. ಬೇರೆ ಯಾರಾದರೂ ಇದರಲ್ಲಿ ಆಶ್ಚರ್ಯ ಕಾಣುತ್ತಿರಲಿಲ್ಲ. ಯಾಕೋಬ ಕಂಡ. ಯಾರಿಗೂ ಹೇಳಲಿಲ್ಲ.

ಇಂಥ ಹೊತ್ತಿನಲ್ಲಿ ಭಾಲ್ಕಿಯಿಂದ ಮನ್ಮಥಪ್ಪನವರ ಆರ್ಗನ್ ಬಂತು.

ಮನ್ಮಥಪ್ಪನವರು ಬೀದರದ ಕಾಳಿನ ಪೇಟೆಯಾದ ಗಾಂಧಿ ಗಂಜದಲ್ಲಿ ತೊಗರಿಯ ಅಡತಿ, ಅಂದರೆ ದಲ್ಲಾಳಿ, ಅಂಗಡಿ ಇಟ್ಟವರು. ಮನೆ ಭಾಲ್ಕಿಯಲ್ಲಿ. ಹರೆಯದಲ್ಲಿ ಆರ್ಕೆಸ್ಟ್ರಾ ಪಾರ್ಟಿ ಕಟ್ಟಿ ಲಗ್ನಗಳಲ್ಲಿ ಬಾರಿಸುತ್ತಿದ್ದರು. ಆಗ ಹೈದರಾಬಾದಿನಿಂದ ತಂದ ಎರಡು ಅಂತಸ್ತಿನ ಆರ್ಗನ್ ಇಪ್ಪತ್ತು ವರ್ಷದಿಂದ ತೊಗರಿ ಚೀಲಗಳ ಹಿಂದೆ ನಿಂತಿತ್ತು. ಎರಡು ವಾರ ಕಳೆದು ಬರುವ ಭಾನುವಾರ ಅವರಿಗೆ ಎಪ್ಪತ್ತೈದು ತುಂಬುವ ಸಮಾರಂಭ. ಅಲ್ಲಿ ತಾವೇ ಬಾರಿಸುತ್ತೇನೆಂದು ಹಟ ಹಿಡಿದಿದ್ದರು. ಆರ್ಗನ್ ಕಳಿಸುವಾಗ ಅವರ ಹೆಂಡತಿ ವಿಮಲಾಬಾಯಿ ಗಂಡನ ಫೋನಿನಿಂದ ಯಾಕೋಬನಿಗೆ ಒಂದು ಮಾತು ಹೇಳಿದ್ದರು.

“ಮಿಸ್ತ್ರಿ, ಏನಾರ ಹೆಚ್ಚುಕಮ್ಮಿ ಆದ್ರ ಅವರ ಮುಂದ ಹೇಳಬ್ಯಾಡ್ರಿ. ಎದಿಯೊಳಗ ಎರಡು ಸ್ಪ್ರಿಂಗ್ ಹಾಕ್ಯಾರ. ಗುಳಿಗಿ ತಗೋ ಅಂದ್ರ ತಗೊಳ್ಳಾಂಗಿಲ್ಲ. ಒಂದ ಗಾಬರಿ ಆತಂದ್ರ ಮುಗೀತು ಅಂತ ಡಾಕ್ಟರ್ ಹೇಳ್ಯಾರ.”

ಯಾಕೋಬ ಹದಿನಾರು ದಿನ ದುಡಿದ. ಒಳಗಿಂದ ಒಂದು ಇಲಿಗೂಡು, ಸುಮಾರು ಅರ್ಧ ಕಿಲೋ ತೊಗರಿಬೇಳೆ ಹೊರಬಂದವು. ಒಣಗಿದ ಕೆಪಾಸಿಟರುಗಳನ್ನು ಬದಲಿಸಿ, ಕೀಲಿಗಳ ಕೆಳಗಿನ ತಂತಿಗಳನ್ನು ಬ್ರಷ್ಷಿನಿಂದ ಒಂದೊಂದಾಗಿ ತಿಕ್ಕಿದ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಹೆಡ್‌ಫೋನ್ ಚುಚ್ಚುವ ಜಾಗವನ್ನು ಇಲಿ ತಿಂದಿತ್ತು. ಸಾವ್ಕಾರರೇನು ಚರ್ಚಿನವರಲ್ಲವಲ್ಲ ಎಂದುಕೊಂಡು ಯಾಕೋಬ ಸ್ಪೀಕರಿನಲ್ಲೇ ಬಾರಿಸಿದ. ಬೇರೆ ವಾದ್ಯಗಳ ಸದ್ದು ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ; ಈ ಸ್ಪೀಕರಿನ ಅಗಲ ಹದಿನೈದು ಇಂಚು. ಚಿದ್ರಿಯ ಆ ಓಣಿಯಲ್ಲಿ ಆರು ಮೆಥೋಡಿಸ್ಟ್ ಮನೆಗಳಿವೆ ಎಂಬುದನ್ನು ಅವನು ಮರೆತಿದ್ದ.

ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಎಲಿಜಬೆತಕ್ಕ ಬಾಗಿಲಲ್ಲಿದ್ದಳು. ಮೂವತ್ತನಾಲ್ಕು ವರ್ಷ ನರ್ಸಾಗಿ ನಿವೃತ್ತಳಾದವಳು. ಮಣ್ಣಿಗೆ ಹೊರಟವಳಂತೆ ತಲೆಗೆ ಸೆರಗು ಹೊದ್ದೇ ಬಂದಿದ್ದಳು.

“ಯಾಕೋಬ, ತಮ್ಮಾ, ಯಾರು ಹೋದ್ರೋ?”

ಯಾಕೋಬನ ಬೆರಳು ಕೀಲಿಯ ಮೇಲೆ ಹೆಪ್ಪುಗಟ್ಟಿತು. ಆರ್ಗನ್ ಆ ಒಂದೇ ಸ್ವರವನ್ನು ಅಳುತ್ತಾ ಹಿಡಿದುಕೊಂಡಿತು.

“ಯಾರಿಲ್ಲ ಅಕ್ಕಾ.”

“ಯಾರಿಲ್ಲಂದ್ರ? ಪೆಟಗಿ ಎತ್ತೂ ಹಾಡು ಯಾರಾರ ಸುಮ್ಮಸುಮ್ಮನ ಬಾರಸ್ತಾರೇನು? ನಿಮ್ಮಪ್ಪ ಮಾರಿ ನೋಡಿ ಖಾತ್ರಿ ಮಾಡ್ಕೊಂಡ ಮ್ಯಾಗೇ ಇದಕ್ಕ ಕೈ ಹಚ್ಚತಿದ್ದ.”

ಉತ್ತರ ಒಂದೇ ಇತ್ತು: ‘ನನಗೆ ಬರುವುದು ಇದೊಂದೇ’. ಬೋರ್ಡಿನ ಮೇಲಿನ ‘ತಜ್ಞರು’ ಆ ಮಾತನ್ನು ಗಂಟಲಲ್ಲೇ ತಡೆದರು. ಅದರ ಬದಲು ಯಾಕೋಬ ಆರ್ಗನ್ನಿನ ಕಡೆ ಕೈ ತೋರಿಸಿ, ಯಾರೂ ಅಲ್ಲಗಳೆಯಲಾಗದ ಒಂದು ಸತ್ಯ ಹೇಳಿದ.

“ಇದು ಭಾಲ್ಕಿ ಮನ್ಮಥಪ್ಪ ಸಾವ್ಕಾರ್ರ ಆರ್ಗನ್.”

ಎಲಿಜಬೆತಕ್ಕ ಎದೆಯ ಮೇಲೆ ಕೈಯಿಟ್ಟಳು. “ಅಯ್ಯೋ ದೇವರೇ! ಗಂಜದ ಮನ್ಮಥಪ್ಪನವರ? ಹೋದ ತಿಂಗಳ ಗಂಜದ ಕ್ಯಾಂಪಿನ್ಯಾಗ ನಾನೇ ಬಿ.ಪಿ. ನೋಡೀನಿ. ಗುಳಿಗಿ ನುಂಗ್ರಿ, ಗುಳಿಗಿ ನುಂಗ್ರಿ ಅಂತ ಬಡಕೊಂಡೆ.”

“ಅಕ್ಕಾ, ಹಂಗಲ್ಲ, ಅವರು...”

ಅಕ್ಕ ಆಗಲೇ ಗೇಟು ದಾಟಿದ್ದಳು. ಫೋನು ಕಿವಿಯಲ್ಲಿತ್ತು. ತನ್ನ ಸೇವಾವಧಿಯಲ್ಲಿ ಯಾವ ಸಾವಿನ ಸುದ್ದಿಯನ್ನೂ ಆಕೆ ತಡ ಮಾಡಿದವಳಲ್ಲ.

ಇಪ್ಪತ್ತೈದು ನಿಮಿಷಕ್ಕೆ ಯಾಕೋಬನ ಫೋನು ಹೊಡೆದುಕೊಂಡಿತು. ಎಲಿಜಬೆತಕ್ಕನ ತಂಗಿಯ ಮಗ ಬೆನ್ನಿ. ಗಾಂಧಿ ಗಂಜದಲ್ಲಿ ಚೀಲಗಳ ತೂಕ ಬರೆದುಕೊಳ್ಳುವವನು.

“ಕಾಕಾ, ಲಿಲಾವ ನಿಂತದರಿ.”

ಲಿಲಾವ ಎಂದರೆ ಕಾಳಿನ ಹರಾಜು. ಗಂಜದ ಅಡತಿಯವರಲ್ಲಿ ಒಂದು ರಿವಾಜಿತ್ತು. ತಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅಂದಿಡೀ ದಿನ ಲಿಲಾವ ಕೂಗುವುದಿಲ್ಲ. ಶಟರುಗಳನ್ನು ಮೊಣಕಾಲುಮಟ್ಟ ಇಳಿಸುತ್ತಾರೆ, ಹಮಾಲರು ಕೊಕ್ಕೆ ಕೆಳಗಿಡುತ್ತಾರೆ. ಒಬ್ಬ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಆ ಬಜಾರಿನಲ್ಲಿಲ್ಲ.

“ತೊಗರಿ ಲಾರಿ ಮೂವತ್ತೆಂಟು ನಿಂತಾವ್ರಿ. ಮಂದಿ ಹೂವು ತಗೊಂಡು ಭಾಲ್ಕಿಗಿ ಹೊಂಟಾರ. ನಾನೂ ಹೊಂಟೇನಿ.”

ಯಾಕೋಬ ಆರ್ಗನ್ನಿನ ಸ್ವಿಚ್ಚು ಆರಿಸಿದ. “ಬೆನ್ನಿ, ಹಂಗೇನಾರ ಸುದ್ದಿ ಸುಳ್ಳಾದ್ರ?”

“ಸುಳ್ಳಾದ್ರ ಹಬ್ಬಿಸಿದವನ್ನ ತೂಕದ ಕಾಟಾ ಮ್ಯಾಗ ನಿಂದ್ರಿಸಿ ಅವಂದೇ ಲಿಲಾವ ಮಾಡ್ತಾರ. ಆದ್ರ ಸುಳ್ಳ ಹ್ಯಾಂಗ ಆಗ್ತದರಿ ಕಾಕಾ? ನೀವೇ ಬಾರಸೀರಂತಲ್ಲಾ!”

ಯಾಕೋಬ ಮನ್ಮಥಪ್ಪನವರಿಗೆ ಫೋನು ಮಾಡಿದ. ಹೊಡೆದುಕೊಂಡಿತು, ಎತ್ತಲಿಲ್ಲ. ಮೂರು ಸಲ ಮಾಡಿದ. ಮೂರನೆಯ ಸಲ ಹೊಸ ವಿಚಾರವೊಂದು ಅವನಿಗೆ ಹೊಳೆಯಿತು. ಸುದ್ದಿ ಸುಳ್ಳಲ್ಲದಿದ್ದರೆ? ತೊಂಬತ್ತೊಂದು, ಎಂಬತ್ತೆಂಟು, ಈಗ ಎಪ್ಪತ್ತೈದು. ಮೊದಲು ಹನ್ನೆರಡು ದಿನ, ಆಮೇಲೆ ಒಂಬತ್ತು, ಈಗ ಅರ್ಧ ತಾಸು. ಧಾಟಿ ಕೈಗೆ ಪಳಗುತ್ತಿತ್ತು. ವಯಸ್ಸೂ ಇಳಿಯುತ್ತಾ ಬರುತ್ತಿತ್ತು. ಯಾಕೋಬನಿಗೆ ಐವತ್ತನಾಲ್ಕು.

ಮೊದಲೇ ಗೊತ್ತುಮಾಡಿದ್ದಂತೆ ಹನ್ನೆರಡಕ್ಕೆ ಅಂಗಡಿಯ ವಾದ್ಯಗಳನ್ನು ಮೊದಲಿನಿಂದಲೂ ಸಾಗಿಸುವ ಬಾಬುಮಿಯಾ ಟೆಂಪೋ ತಂದ. ಸಾವ್ಕಾರರು ಬದುಕಿದ್ದರೆ ಸುದ್ದಿ ಅವರ ಕಿವಿಗೆ ಬೀಳುವ ಮೊದಲೇ ಮುಟ್ಟಬೇಕು, ಇಲ್ಲದಿದ್ದರೆ ಆ ಗಾಬರಿಗೇ ಸ್ಪ್ರಿಂಗು ಕಳಚೀತು. ಬದುಕಿರದಿದ್ದರೆ ಆರ್ಗನ್ನಾದರೂ ಮುಟ್ಟಬೇಕು. ಎರಡೂ ಲೆಕ್ಕದಲ್ಲಿ ಭಾಲ್ಕಿಯೇ ದಾರಿ.

“ಮಲಗಸಬ್ಯಾಡ ಬಾಬುಭಾಯ್,” ಎಂದ ಯಾಕೋಬ. “ಮಲಗಿಸಿದ್ರ ಒಳಗಿನ ತಂತಿ ಜರೀತಾವ. ಕೂಡಿಸಿದ್ಹಂಗೇ ಒಯ್ಯಬೇಕು.”

ಬಾಬುಮಿಯಾ ಆರ್ಗನ್ನನ್ನು ಟೆಂಪೋದ ನಡುವೆ ನೆಟ್ಟಗೆ ನಿಲ್ಲಿಸಿದ. ಧೂಳು ಕೂರದಿರಲೆಂದು ಬಿಳಿಯ ಚಾದರ ಹೊದಿಸಿ ಹಗ್ಗ ಬಿಗಿದ. ಮೇಲೆ ಹಾಡಿನ ಪುಸ್ತಕ ಇಡುವ ಹಲಗೆ ಮುರಿಯಬಾರದೆಂದು ತನ್ನ ರುಮಾಲನ್ನೇ ಅದಕ್ಕೆ ಸುತ್ತಿದ. ಕೆಲಸದಲ್ಲಿ ಅಚ್ಚುಕಟ್ಟಿನ ಮನುಷ್ಯ.

ಮನ್ಮಥಪ್ಪನವರಂಥ ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಒಯ್ಯುತ್ತಾರೆ ಎಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಯಾಕೋಬನಿಗೂ ಗೊತ್ತಿತ್ತು. ಅದು ನೆನಪಾದದ್ದು ಮಾತ್ರ ಊರ ಹೊರಗಿನ ವೃತ್ತದಲ್ಲಿ, ಟ್ರಾಫಿಕ್ ಪೊಲೀಸನೊಬ್ಬ ಎರಡೂ ಬದಿಯ ವಾಹನ ತಡೆದು, ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ಟೆಂಪೋಕ್ಕೆ ದಾರಿ ಬಿಟ್ಟಾಗ.

ಯಾಕೋಬ ಹಿಂದಿನ ಕಿಟಕಿಯಿಂದ ನೋಡಿದ. ಬಿಳಿ ಬಟ್ಟೆ ಹೊದ್ದು, ರುಮಾಲು ಸುತ್ತಿಕೊಂಡು, ಮನ್ಮಥಪ್ಪನವರಷ್ಟೇ ಅಗಲದ ಆಕೃತಿಯೊಂದು ಗಂಭೀರವಾಗಿ ಕುಳಿತು ಭಾಲ್ಕಿಗೆ ಹೊರಟಿತ್ತು.

“ಬಾಬುಭಾಯ್, ಗಾಡಿ ನಿಂದ್ರಸು!”

“ಹ್ಯಾಂಗ ನಿಂದ್ರಸಲಿ ಮಿಸ್ತ್ರಿ? ಹಿಂದ ನೋಡ್ರಿ.”

ಹಿಂದೆ ಗಂಜದ ಎರಡು ಜೀಪು ಸೇರಿಕೊಂಡಿದ್ದವು. ನಡು ಮಧ್ಯಾಹ್ನದಲ್ಲಿ ದೀಪ ಹಚ್ಚಿಕೊಂಡು ಬರುತ್ತಿದ್ದವು. ಅರ್ಧ ದಾರಿಯಲ್ಲಿ ವಾಹನಗಳು ಒಂಬತ್ತಾದವು. ರೈಲ್ವೆ ಗೇಟು ಬಿದ್ದಿದ್ದರಿಂದ ಟೆಂಪೋ ನಿಲ್ಲಬೇಕಾಯಿತು. ತಕ್ಷಣ ಮುದುಕಿಯೊಬ್ಬಳು ಹಿಂದಿನಿಂದ ಹತ್ತಿ, ರುಮಾಲಿನ ಕೆಳಗೆ, ಹಣೆ ಇರಬೇಕಾದ ಜಾಗಕ್ಕೆ ವಿಭೂತಿ ಬಳಿದಳು. ಯಾಕೋಬ ಇಳಿದು ಓಡಿದ.

“ಯವ್ವಾ, ಇದು ಮನುಷ್ಯಾ ಅಲ್ಲ, ವಾದ್ಯ!”

“ಹೌದಪ್ಪಾ,” ಎಂದಳು ಮುದುಕಿ ಕಣ್ಣೊರೆಸಿಕೊಳ್ಳುತ್ತಾ. “ಉಸಿರಿರೂತನಾ ಎಲ್ಲಾರೂ ವಾದ್ಯನೇ.”

ಗೇಟು ಎದ್ದಿತು. ಟೆಂಪೋ ಹಳಿ ದಾಟುವಾಗ ಆರ್ಗನ್ನಿನ ಹೊಟ್ಟೆಯೊಳಗೆ ಪ್ರತಿಧ್ವನಿ ಹುಟ್ಟಿಸುವ ಉದ್ದನೆಯ ಸ್ಪ್ರಿಂಗು ‘ಝಣ್’ ಎಂದು ನಡುಗಿತು. ಗೇಟಿನ ಬಳಿ ನೆರೆದಿದ್ದ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಯಾರೋ ಸಣ್ಣ ದನಿಯಲ್ಲಿ ಹೇಳಿದರು, “ಎದಿಯೊಳಗ ಹಾಕಿದ್ರಂತ. ಇನ್ನಾ ಕೇಳಸ್ತದ ನೋಡ್ರಿ.”

ಮುಂದಿನ ದಾರಿಯಲ್ಲಿ ಯಾಕೋಬ ಪ್ರಾರ್ಥನೆ ಮಾಡಿದ. ಪ್ರಾರ್ಥನೆ ಚಿಕ್ಕದಾಗಿತ್ತು: ‘ದೇವರೇ, ಸಾವ್ಕಾರರು ಬದುಕಿರಲಿ. ಬದುಕಿದ್ದರೆ ನನಗೆ ಸಿಗದಿರಲಿ.’

ಭಾಲ್ಕಿಯ ಮನೆಯ ಮುಂದೆ ನೂರು ಮಂದಿಗೆ ಕಡಿಮೆಯಿಲ್ಲದ ಜನ. ಭಾನುವಾರದ ಸಮಾರಂಭಕ್ಕೆ ಹಾಕಿದ ಶಾಮಿಯಾನದ ಕೆಳಗೇ ಕೂತಿದ್ದರು. ವಿಮಲಾಬಾಯಿ ಪಡಸಾಲೆಯ ಕಂಬ ಹಿಡಿದು ನಿಂತಿದ್ದರು. ಅಳುವುದಕ್ಕಿಂತ ಹೆಚ್ಚಾಗಿ ಜಗಳಕ್ಕೆ ನಿಂತಂತಿತ್ತು.

“ಮುಂಜಾನಿ ಮೂರು ರೊಟ್ಟಿ ತಿಂದು ಔರಾದಕ್ಕ ಬೀಗರಿಗಿ ಕಾರ್ಡ್ ಕೊಡ್ಲಿಕ್ಕಿ ಹೋಗ್ಯಾರ. ಫೋನ್ ಇಲ್ಲೇ ಚಾರ್ಜಿಗಿ ಹಚ್ಯಾರ. ಔರಾದಕ್ಕ ಹೋದವರು ಬೀದರದಾಗ ಹ್ಯಾಂಗ ತೀರ್ತಾರ? ಯಾರಾರ ಹೇಳ್ರಿ ನನಗ!”

“ಎದಿ ಹಿಡದಿರಬೇಕು ಅತ್ತಿ. ಬೀದರ ದವಾಖಾನಿಗಿ ಒಯ್ದಿರಬೇಕು,” ಎಂದ ಸಂಬಂಧಿಕನೊಬ್ಬ. ಕಾಣದ ಸಂಗತಿಗೆ ಕಾರಣ ಹೇಳುವವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ.

ಅಷ್ಟರಲ್ಲಿ ಟೆಂಪೋ ಬಂತು. ರುಮಾಲು ಸುತ್ತಿದ ಆಕೃತಿಯನ್ನು ಕಂಡದ್ದೇ ವಿಮಲಾಬಾಯಿಯ ತರ್ಕ ಮುರಿದುಬಿತ್ತು. ಅವರು ಚೀರಿದರು. ನೂರು ಮಂದಿಯೂ ಚೀರಿದರು. ನಾಲ್ವರು ಹಮಾಲರು ಆರ್ಗನ್ನನ್ನು ಹೂವಿನಂತೆ ಎತ್ತಿ ಶಾಮಿಯಾನದ ನಡುವೆ ಕೂಡಿಸಿದರು. ತೂಕದ ಅಂದಾಜಿನಲ್ಲಿ ಗಂಜದ ಹಮಾಲರು ತಪ್ಪುವವರಲ್ಲ. ಅವರಲ್ಲೊಬ್ಬ, “ಸಾವ್ಕಾರ್ರು ಇಷ್ಟ ಭಾರ ಇದ್ದಿಲ್ಲಲ್ಲೋ” ಎಂದನಾದರೂ ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

“ಅವ್ವಾರ, ಇದು ಆರ್ಗನ್ ರಿ! ಆರ್ಗನ್!” ಎಂದು ಯಾಕೋಬ ಕೂಗಿದ. ಮಾಲೆಗಳು ಅವನ ಹೆಗಲ ಮೇಲಿಂದ ಹಾರಿ ಬಂದವು. ಅವನು ಹಿಂದೆ ಹಿಂದೆ ಸರಿಯುತ್ತಾ ಶಾಮಿಯಾನದ ಅಂಚಿಗೆ ಬಂದು ಯಾರಿಗೋ ಡಿಕ್ಕಿ ಹೊಡೆದ. ತಿರುಗಿ ನೋಡಿದ.

ಹೆಗಲಿಗೆ ಕಾರ್ಡುಗಳ ಚೀಲ, ಕೈಯಲ್ಲಿ ಔರಾದದ ಬಸ್ ಟಿಕೀಟು. ಮನ್ಮಥಪ್ಪನವರು.

“ಯಾರು ಹೋದ್ರೋ ಮಿಸ್ತ್ರಿ?”

ಯಾಕೋಬ ಅವರ ತೋಳು ಹಿಡಿದ. ಒಂದು ಗಾಬರಿಯಾದರೆ ಮುಗಿಯಿತು. ಒಂದೇ ಒಂದು ಗಾಬರಿ. “ಸಾವ್ಕಾರ್ರ, ನೀವು ಮೊದಲ ಕೂಡ್ರಿ. ನೀರು ಕುಡೀರಿ. ಯಾರೂ ಹೋಗಿಲ್ಲರಿ.”

“ನನ್ನ ಮನಿ ಮುಂದ ಇಷ್ಟ ಮಂದಿ ಅಳಾಕತ್ತದ, ಯಾರೂ ಹೋಗಿಲ್ಲಂತ! ಸರಿ ಅತ್ಲಾಗ.”

ಅವರು ಗುಂಪು ಸೀಳಿಕೊಂಡು ಒಳಗೆ ಹೋದರು. ಅಳುವವರ ಕಣ್ಣಲ್ಲಿ ನೀರಿತ್ತು, ಯಾರೂ ಅವರ ಮುಖ ನೋಡಲಿಲ್ಲ. ಯಾರೋ ಕೈಗೆ ಚೆಂಡುಹೂವು ಕೊಟ್ಟರು. ಮನ್ಮಥಪ್ಪನವರು ಬಿಳಿ ಚಾದರದ ಆಕೃತಿಯ ಮುಂದೆ ನಿಂತು, ಚಪ್ಪಲಿ ಬಿಟ್ಟು, ಹೂವು ಏರಿಸಿ ಕೈ ಮುಗಿದರು.

“ಪಾಪ,” ಎಂದರು ಪಕ್ಕದವನಿಗೆ. “ಭಾಳ ಒಳ್ಳೆ ಮನಷಾ ಇದ್ದ. ಯಾರಪಾ ಅವ?”

ಪಕ್ಕದಲ್ಲಿದ್ದವನು ಬೆನ್ನಿ. ಅವನು ತಿರುಗಿ ನೋಡಿ, ಕೈಲಿದ್ದ ಹೂವಿನ ಬುಟ್ಟಿ ಸಮೇತ ನೆಲಕ್ಕೆ ಕೂತ. ಅಳು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದಾಗಿ ಆರಿತು, ದೀಪ ಆರಿಸಿದಂತೆ. ಬಾಬುಮಿಯಾ ಒಬ್ಬನೇ ಸಮಾಧಾನದಿಂದ ಮುಂದೆ ಬಂದು ಹಗ್ಗ ಬಿಚ್ಚಿ, ಚಾದರ ಎಳೆದು, ತನ್ನ ರುಮಾಲನ್ನು ವಾಪಸು ತೆಗೆದುಕೊಂಡ. ವಿಭೂತಿ ಬಳಿದುಕೊಂಡ ಆರ್ಗನ್ ಎಲ್ಲರನ್ನೂ ನೋಡಿತು.

ಯಾಕೋಬ ಕಣ್ಣು ಮುಚ್ಚಿದ. ಈಗ ಸ್ಪ್ರಿಂಗು ಕಳಚುತ್ತದೆ. ಒಂದು, ಎರಡು, ಮೂರು ಎಂದು ಎಣಿಸಿದ.

ಕಳಚಲಿಲ್ಲ. ಮನ್ಮಥಪ್ಪನವರು ಬೆನ್ನಿಯ ಬಾಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಯಾಕೋಬ ಬಾರಿಸಿದ್ದು, ಎಲಿಜಬೆತಕ್ಕ ಕೇಳಿದ್ದು, ಗಂಜಕ್ಕೆ ಸುದ್ದಿ ಮುಟ್ಟಿದ್ದು.

“ಲಿಲಾವ ನಿಲ್ಲಿಸಿದ್ರು? ನನ್ನ ಸಲುವಾಗಿ?”

“ಹೌದ್ರಿ.”

“ಪೂರಾ ದಿನ?”

“ಪೂರಾ ದಿನ. ಮೂವತ್ತೆಂಟ ಲಾರಿ ನಿಂತಾವ್ರಿ.”

ಸಾವ್ಕಾರರ ಮುಖ ಅರಳಿತು. “ಕೇಳಿದೇನ ವಿಮಲಾ? ಮೂವತ್ತೆಂಟು! ನಮ್ಮಪ್ಪಗ ಹನ್ನೊಂದೇ ನಿಂತಿದ್ದು.” ಗಂಜದ ಮಂದಿಯ ಕಡೆ ತಿರುಗಿ ಕೈ ಮುಗಿದರು. ಮುಗಿದ ಕೈ ಅರ್ಧಕ್ಕೇ ನಿಂತಿತು. ಮುಖದ ಮೇಲೆ ಬೇರೆಯೇ ವಿಚಾರವೊಂದು ಹಾದುಹೋಯಿತು. ಯಾಕೋಬ ಅಂದು ಕಂಡ ಭಯಗಳಲ್ಲೆಲ್ಲ ಇದೇ ದೊಡ್ಡದು.

“ಅಲ್ಲರಪಾ, ಮುಂದ ನಾ ಖರೇನೇ ಹೋದ್ರ?”

ಗಂಜದವರಲ್ಲಿ ಹಿರಿಯರಾದ ಅಬ್ದುಲ ಖಾದರ ಸಾಹೇಬರು ಗಡ್ಡ ನೀವಿಕೊಂಡರು. “ನೋಡೋಣಂತ ಮನ್ಮಥಪ್ಪ.”

“ನೋಡೋಣಂದ್ರ?”

“ನಿಮಗ ಗೊತ್ತಿಲ್ಲದ್ದೇನದ. ಒಬ್ಬರಿಗಿ ಒಂದ ದಿನ ಅಂತ ರಿವಾಜ ಅದ. ನಿಮಗ ಎರಡ ಸಲ ನಿಲ್ಲಿಸಿದ್ರ ನಾಳಿ ಎಲ್ಲಾರೂ ಎರಡೆರಡ ಕೇಳ್ತಾರ.”

ಮನ್ಮಥಪ್ಪನವರು ನಿಧಾನವಾಗಿ ಯಾಕೋಬನ ಕಡೆ ತಿರುಗಿದರು.

“ಮಿಸ್ತ್ರಿ. ಐವತ್ತು ವರ್ಷ ಗಂಜದಾಗ ಕೂತು ಗಳಿಸಿದ ದಿನಾ ಅದು. ನೀ ಒಂದ ಹಾಡಿನಾಗ ಖರ್ಚ ಮಾಡಿಬಿಟ್ಟಿ. ಲಗ್ನದ ಹಾಡ ಬಾರಸಲಿಕ್ಕಿ ಏನಾಗಿತ್ತು ನಿನಗ?”

ಯಾಕೋಬ ಮೂವತ್ತು ವರ್ಷ ಬಚ್ಚಿಟ್ಟದ್ದನ್ನು ನೂರು ಮಂದಿಯ ಮುಂದೆ ಹೇಳಿದ. ಅವನ ದನಿ ಇಲಿ ಕಡಿದ ತಂತಿಯಂತಿತ್ತು. “ಸಾವ್ಕಾರ್ರ, ನನಗ ಬರೂದು ಅದೊಂದೇ ಧಾಟಿ ರಿ.”

ಸಿಡಿಲು ಬೀಳಲಿಲ್ಲ. “ಅದು ಯಾರಿಗಿ ಗೊತ್ತಿಲ್ಲ ಮಿಸ್ತ್ರಿ?” ಎಂದ ಬಾಬುಮಿಯಾ ರುಮಾಲು ಝಾಡಿಸುತ್ತಾ. “ಮೂವತ್ತು ವರ್ಷ ಅದನ್ನೇ ಕೇಳೇವಿ.”

ಮನ್ಮಥಪ್ಪನವರು ಆರ್ಗನ್ನಿನ ಮುಂದೆ ಕುರ್ಚಿ ಎಳೆದು ಕೂತರು. ಬಾರಿಸಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದರು.

“ಈ ಮಂದಿ ಇವತ್ತಿಂದು ಮರೀಬೇಕಾದ್ರ ಎಷ್ಟ ವರ್ಷ ಹಿಡೀತದ ಖಾದರ ಸಾಹೇಬ್?”

“ಹತ್ತು ಹಿಡದೀತು.”

“ಹಂಗಾದ್ರ ಹತ್ತು ವರ್ಷ ನಾ ಸಾಯಾಂಗಿಲ್ಲ.” ಅವರು ಮನೆಯ ಕಡೆ ಕೂಗಿದರು. “ವಿಮಲಾ! ಆ ಗುಳಿಗಿ ಎಲ್ಲಿಟ್ಟಿ?”

ವಿಮಲಾಬಾಯಿ ಒಳಗೆ ಓಡಿದ ವೇಗವನ್ನು ಅವರ ವಯಸ್ಸಿನವರಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ನೂರು ಮಂದಿ ಸಾಕ್ಷಿಯಾಗಿ ಸಾವ್ಕಾರರು ಎರಡು ಗುಳಿಗೆ ನುಂಗಿ ನೀರು ಕುಡಿದರು. ಖಾಲಿ ಲೋಟ ಒಯ್ಯುವಾಗ ವಿಮಲಾಬಾಯಿ ಯಾಕೋಬನ ಹತ್ತಿರ ಒಂದು ಗಳಿಗೆ ನಿಂತರು. “ನಾಕ ವರ್ಷ ಯಾವ ಡಾಕ್ಟರ ಕಡಿಂದೂ ಆಗಿದ್ದಿಲ್ಲ ನೋಡ್ರಿ,” ಎಂದು ಪಿಸುಗುಟ್ಟಿ, ಉಳಿದವರಿಗೆ ಕೇಳುವಂತೆ, “ಇಂಥಾ ಮಿಸ್ತ್ರಿ ಇದ್ರೆಷ್ಟ, ಬಿಟ್ರೆಷ್ಟ!” ಎಂದು ಬೈದು ಒಳಗೆ ಹೋದರು.

ಭಾನುವಾರದ ಸಮಾರಂಭದಲ್ಲಿ ಆರ್ಗನ್ ಚೆನ್ನಾಗಿಯೇ ನುಡಿಯಿತು. ಅಂದಿನಿಂದ ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಯಾಕೋಬನ ಫೋನು ಹೊಡೆದುಕೊಳ್ಳುತ್ತದೆ.

“ಮಿಸ್ತ್ರಿ, ಗುಳಿಗಿ ತಗೊಂಡೇನಿ. ನೀ ಬಾರಸಿಲ್ಲಲ್ಲಾ?”

“ಇಲ್ರಿ ಸಾವ್ಕಾರ್ರ.”

ಈಗ ಅವನು ಕೀಲಿಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸುತ್ತಾನೆ. ಎರಡು ಕೀಲಿಗಳ ನಡುವೆ ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ, ಅಪ್ಪಿತಪ್ಪಿಯೂ ಧಾಟಿಯಾಗಬಾರದೆಂದು. ಎಲಿಜಬೆತಕ್ಕ ಕಿಟಕಿಯಲ್ಲಿ ನಿಂತು, ಮುಂದಿನ ಸ್ವರ ಯಾವುದು ಬರುತ್ತದೋ ಎಂದು ಸೆರಗು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾಳೆ.

ಹೋದ ಮಂಗಳವಾರ ಒಂಬತ್ತಾಯಿತು. ಫೋನು ಬರಲಿಲ್ಲ. ಒಂಬತ್ತೂ ಹತ್ತಾಯಿತು. ಯಾಕೋಬ ಕೆಲಸ ನಿಲ್ಲಿಸಿದ. ಒಂಬತ್ತೂ ಕಾಲಿಗೆ ಎಡಗೈಯಲ್ಲಿ ಫೋನು ಎತ್ತಿ ಚಾರ್ಜು ಇದೆಯೇ ಎಂದು ನೋಡಿದ. ಆಗ ನೋಡಿಕೊಂಡ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಯಾರದೋ ಕೀಬೋರ್ಡಿನ ಮೇಲೆ ತನ್ನ ಬಲಗೈ ತಾನಾಗಿಯೇ ಕುಳಿತಿತ್ತು. ಹೆಬ್ಬೆರಳು ಸರಿಯಾಗಿ ಆ ಧಾಟಿಯ ಮೊದಲ ಕೀಲಿಯ ಮೇಲೆ. ತೆಗೆದರೆ ಎಲ್ಲಿ ಸದ್ದಾಗುತ್ತದೋ ಎಂದು ತೆಗೆಯಲಿಲ್ಲ. ಹಾಗೇ ಕೂತ.

ಒಂಬತ್ತೂ ಇಪ್ಪತ್ತೆರಡಕ್ಕೆ ಫೋನು ಹೊಡೆದುಕೊಂಡಿತು.

“ಮಿಸ್ತ್ರಿ, ಗುಳಿಗಿ ಮರ್ತಿದ್ದೆ ನೋಡು.” ಸಾವ್ಕಾರರು ಫೋನಿನಲ್ಲೇ ಗುಳಿಗೆ ನುಂಗಿ ನೀರು ಕುಡಿದ ಸದ್ದಾಯಿತು. “ಎದಿ ಸ್ವಲ್ಪ ಢವಢವ ಅಂತು. ಖರೇ ಹೇಳು, ನಿನ್ನ ಕೈ ಎಲ್ಲದ?”